ಮೂವರು ಗಂಡಂದಿರ ದೊಡ್ಡಕ್ಕ

ಸುದ್ದಿ ತಂದವನು ವಾರಪತ್ರಿಕೆಯ ಸಂಪಾದಕ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಗೆ ಅವನು ಕಾಲಿಟ್ಟಿದ್ದು ಅದೇ ಮೊದಲು. ಬಾಗಿಲು ತಳ್ಳಿದ ಕೂಡಲೇ ಹಬೆ ಅವನ ಕನ್ನಡಕವನ್ನು ಮುಚ್ಚಿಬಿಟ್ಟಿತು. ಕೈ ಮುಂದೆ ಚಾಚಿಕೊಂಡು ಅಂದಾಜಿನ ಮೇಲೆ ನಡೆದು ಒಗೆಯದ ಚಾದರಗಳ ಗುಡ್ಡೆಗೆ ಡಿಕ್ಕಿ ಹೊಡೆದ.

"ಸಾರ್, ಅದು ಜ್ವರದ ವಾರ್ಡಿಂದು. ಮುಟ್ಟಬೇಡಿ," ಎಂದು ಬಟ್ಟೆ ಮಡಿಸುವ ಮೇಜಿನಿಂದ ಒಬ್ಬಳು ಹೇಳಿದಳು.

ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಅಂಗಿಯ ತುದಿಯಲ್ಲಿ ಕನ್ನಡಕ ಒರೆಸಿಕೊಂಡು, "ದೊಡ್ಡಕ್ಕ ಎಲ್ಲಿ?" ಅಂದ.

ನಾಲ್ಕು ತಲೆಗಳು ಮೇಲೆದ್ದವು. "ಇಲ್ಲೇ ಇದ್ದೀವಲ್ಲ," ಅಂದಳು ಇಸ್ತ್ರಿ ಪ್ರೆಸ್ಸಿನ ಹತ್ತಿರ ನಿಂತಿದ್ದವಳು.

ವಿಶ್ವವಿದ್ಯಾಲಯದವರು ಪ್ರತಿವರ್ಷ ಒಬ್ಬ ಹೆಸರಾಂತ ಸಾರ್ವಜನಿಕ ಚಿಂತಕರಿಗೆ ಫೆಲೋಶಿಪ್ ಕೊಡುತ್ತಾರೆ. ವರ್ಷವಿಡೀ ಒಂದು ಕೋಣೆ, ಗ್ರಂಥಾಲಯದ ಅಷ್ಟೂ ಪುಸ್ತಕ, ಬದುಕಲು ಸಂಬಳ, ತಿಂಗಳಿಗೊಂದು ಭಾಷಣ. ಹಿಂದೆ ನ್ಯಾಯಮೂರ್ತಿಯೊಬ್ಬನಿಗೆ ಕೊಟ್ಟಿದ್ದರು, ರಾಯಭಾರಿಯೊಬ್ಬನಿಗೆ ಕೊಟ್ಟಿದ್ದರು, ಬಡವರ ಹೊಟ್ಟೆಯ ಬಗ್ಗೆ ದಪ್ಪ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞನೊಬ್ಬನಿಗೆ ಕೊಟ್ಟಿದ್ದರು. ಈ ವರ್ಷ ದೊಡ್ಡಕ್ಕನಿಗೆ ಕೊಡಬೇಕೆಂದು ಆಯ್ಕೆ ಸಮಿತಿ ಮನಸ್ಸು ಮಾಡಿದೆ. ಒಮ್ಮೆ ಬಂದು ಸಮಿತಿಯನ್ನು ಕಾಣಬೇಕು, ಅಷ್ಟೇ. ಇಷ್ಟನ್ನೂ ಸಂಪಾದಕ ಒಂದೇ ಉಸಿರಿನಲ್ಲಿ ಹೇಳಿ, ಯಾರಾದರೂ ಏನಾದರೂ ಅನ್ನಲಿ ಎಂದು ಕಾದ.

ಒಗೆಯುವ ಯಂತ್ರವೊಂದು ತನ್ನ ಪಾಡಿಗೆ ತಿರುಗುತ್ತಿತ್ತು.

ದೊಡ್ಡಕ್ಕ ಅಂದರೆ ಯಾರು ಎಂದು ಇಲ್ಲಿಯೇ ಹೇಳಿಬಿಡಬೇಕು. ವಾರಪತ್ರಿಕೆಯಲ್ಲಿ 'ದೊಡ್ಡಕ್ಕನ ಮಾತು' ಎಂಬ ಅಂಕಣ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವರು ಈ ನಾಲ್ವರು. ಪ್ರೆಸ್ಸಿನ ಹತ್ತಿರ ನಿಂತಿದ್ದವಳು ಅತ್ತಿಗೆ. ಹರಿದ ಗೌನು, ದಿಂಬಿನ ಗವಸುಗಳಿಗೆ ಮೂಲೆಯಲ್ಲಿ ಕೂತು ಹೊಲಿಗೆ ಹಾಕುವವಳು ಅವಳ ನಾದಿನಿ. ನಾಲಿಗೆ ಮೊನಚು, ಹಾಗಾಗಿ ಎಲ್ಲರ ಬಾಯಲ್ಲಿ ಸೂಜಿ. ಸೂಜಿಗೆ ಅತ್ತಿಗೆಯಾದವಳು ಇಡೀ ಲಾಂಡ್ರಿಗೇ ಅತ್ತಿಗೆಯಾಗಿದ್ದಳು. ಆಸ್ಪತ್ರೆಯ ದೊಡ್ಡ ಡಾಕ್ಟರೂ ಅವಳನ್ನು ಹಾಗೆಯೇ ಕರೆಯುತ್ತಿದ್ದ. ಬಟ್ಟೆ ಮಡಿಸುವವಳು ರೇಡಿಯೋ, ಯಾಕೆಂದರೆ ಅವಳನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಬಾಯ್ಲರ್ ನೋಡಿಕೊಳ್ಳುವ ಅಗಲ ಹೆಗಲಿನವಳು ಬಾಯ್ಲರಮ್ಮ. ಅವಳು ಮಾತಾಡುವುದು ಕಡಿಮೆ, ಆಡಿದರೆ ಹೆಚ್ಚಾಗಿ ಪ್ರಶ್ನೆ.

ಶುರುವಾದದ್ದು ಮುಷ್ಕರದ ಕಾಲದಲ್ಲಿ. ಯಂತ್ರ ನಿಲ್ಲಿಸಿ ಒಳಗೇ ಕೂತಿದ್ದಾಗ, ಬ್ರೆಡ್ಡು ಸುತ್ತಿ ತಂದ ಪತ್ರಿಕೆಯ ಹಾಳೆಯನ್ನು ಸೂಜಿ ಗಟ್ಟಿಯಾಗಿ ಓದಿದಳು. ಮುಷ್ಕರ ಹೂಡಿದವರು ರೋಗಿಗಳ ಮೇಲೆ ಕರುಣೆಯಿಲ್ಲದವರು ಎಂದು ಅದರಲ್ಲಿತ್ತು. ತಮ್ಮ ಬಗ್ಗೆ ಬರೆದ ಸುಳ್ಳನ್ನು ಒಮ್ಮೆ ಓದಿದವರಿಗೆ ಓದಿನ ಚಟ ಬೇಗ ಹತ್ತುತ್ತದೆ. ಅವರು ಉತ್ತರ ಬರೆದರು, ವಾರಪತ್ರಿಕೆ ಅದನ್ನು ಅಚ್ಚು ಹಾಕಿತು. ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಓದಿದರು: ಕಾರ್ಮಿಕ ಕಾನೂನು, ಚರಿತ್ರೆ, ರೋಗಿಗಳು ಹಾಸಿಗೆಯಲ್ಲಿ ಬಿಟ್ಟುಹೋದ ಕಾದಂಬರಿ. ಪಾಳಿ ಮುಗಿದ ಮೇಲೆ ಮಡಿಸುವ ಮೇಜಿನ ಸುತ್ತ ಒಬ್ಬಳು ಓದುವುದು, ಉಳಿದವರು ಜಗಳವಾಡುವುದು. ಆ ಜಗಳದಿಂದಲೇ ಅಂಕಣ ಹುಟ್ಟುತ್ತಿತ್ತು.

ಅವರದೊಂದು ಕಟ್ಟುಪಾಡಿತ್ತು: ತನ್ನದನ್ನು ತಾನು ಬರೆಯುವಂತಿಲ್ಲ. ನೋವು ಯಾರದೋ ಅವಳು ಹೇಳಬೇಕು; ಎಲ್ಲರೂ ಕೆದಕಿ ಕೆದಕಿ ಕೇಳಬೇಕು; ಬರೆಯುವವಳು ಬೇರೆಯವಳಾಗಬೇಕು. ಇದಕ್ಕೆ ಕಾರಣ ರೇಡಿಯೋ. ಮೊದಮೊದಲು ತನ್ನ ತೀರಿಕೊಂಡ ಗಂಡನ ಬಗ್ಗೆ ತಾನೇ ಬರೆದು ತಂದಿದ್ದಳು. ಓದಿ ಮುಗಿಸಿದಾಗ ಬಾಯ್ಲರಮ್ಮ, "ಈ ದೇವರಂಥ ಮನುಷ್ಯ ಯಾರೇ?" ಎಂದು ಕೇಳಿದ್ದಳು. ತಾನೇ ಬರೆದುಕೊಂಡರೆ ಒಂದೋ ಅಳು ಬರುತ್ತದೆ, ಇಲ್ಲವೇ ಜಂಬ ಬರುತ್ತದೆ ಎಂದು ಅವತ್ತೇ ತೀರ್ಮಾನವಾಯಿತು. ಹೀಗಾಗಿ ಅಂಕಣದಲ್ಲಿ 'ನಾನು' ಅಂತ ಬಂದಾಗಲೆಲ್ಲ ಬದುಕಿದವಳು ಒಬ್ಬಳು, ಬರೆದವಳು ಇನ್ನೊಬ್ಬಳು.

ಸಂಪಾದಕನಿಗೆ ಗೊತ್ತಿತ್ತು, ಓದುಗರಿಗೆ ಇದು ತಿಳಿಯದು. ಅವರ ಲೆಕ್ಕದಲ್ಲಿ ದೊಡ್ಡಕ್ಕನಿಗೆ ಮೂವರು ಗಂಡಂದಿರು. ಒಬ್ಬ ಕುಡುಕ, ಅವನು ಬಾಯ್ಲರಮ್ಮನವನು. ಒಬ್ಬ ಸತ್ತವನು, ಅವನು ರೇಡಿಯೋಳವನು. ಮೂರನೆಯವನು ದಿನಾ ಅಡುಗೆ ಮಾಡಿ ಹೆಂಡತಿಗೆ ಬಡಿಸುವವನು; ಅವನು ಅತ್ತಿಗೆಯ ಗಂಡ, ಸೂಜಿಯ ಅಣ್ಣ. ಮೂರನೆಯವನು ಅಂಕಣದಲ್ಲಿ ಬಂದ ವಾರ, ಕೊನೆಗೂ ದೊಡ್ಡಕ್ಕನಿಗೆ ಒಳ್ಳೆಯವನು ಸಿಕ್ಕಿದನಲ್ಲ ಎಂದು ಎಷ್ಟೋ ಜನ ಪತ್ರಿಕೆಗೆ ಬರೆದು ಸಂತೋಷಪಟ್ಟಿದ್ದರು.

ಆದರೆ ದೊಡ್ಡಕ್ಕನ ಮಾತಿಗೆ ಬೆಲೆ ಬಂದದ್ದು ಗಂಡಂದಿರಿಂದಲ್ಲ. ಆಸ್ಪತ್ರೆಯಲ್ಲಿ ಕೊಳೆ ಯಾರದು, ಶುಚಿ ಯಾರದು ಎಂದು ಅವಳು ಬರೆದ ಮಾಲೆಯನ್ನು ನರ್ಸಿಂಗ್ ಕಲಿಯುವ ಹುಡುಗಿಯರು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡಿದ್ದರು. ಗುತ್ತಿಗೆ ಕೆಲಸದ ಮೇಲೆ ಅವಳೆತ್ತಿದ ಪ್ರಶ್ನೆಗೆ ಮಂತ್ರಿಯೊಬ್ಬ ಉತ್ತರ ಕೊಡಲಾಗದೆ ನೀರು ಕುಡಿದಿದ್ದ. 'ಕೈ' ಎಂಬ ಒಂದೇ ಒಂದು ಬರಹದಿಂದ ಇಸ್ತ್ರಿ ಪ್ರೆಸ್ಸಿನಲ್ಲಿ ಕೈ ಸಿಕ್ಕದಂತೆ ತಡೆಯುವ ಕಂಬಿ ವಾಪಸ್ಸು ಬಂದಿತ್ತು. ಕೆಲಸ ಬೇಗ ಆಗಲೆಂದು ಮೇಲಿನವರು ಆ ಕಂಬಿಯನ್ನು ಬಿಚ್ಚಿಸಿದ್ದರು. ಬಿಚ್ಚಿದ ಮೇಲೆ ಬಿಸಿ ಮುಚ್ಚಳ ಅತ್ತಿಗೆಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿದ್ದಿತ್ತು. ಅತ್ತಿಗೆ ಹೇಳಿದಳು, ಸೂಜಿ ಬರೆದಳು, ಊರು ಓದಿತು.

"ಒಬ್ಬರು ಬರಬೇಕು," ಅಂದ ಸಂಪಾದಕ. "ದೊಡ್ಡಕ್ಕ ಅಂತ ಒಬ್ಬರು. ಅವರಿಗೆ ಗೊತ್ತಿರೋದು ಅಷ್ಟೇ."

"ಸೂಜಿ ಹೋಗ್ಲಿ," ಅಂದಳು ಅತ್ತಿಗೆ. ಯೋಚಿಸುವುದಕ್ಕೂ ಹೋಗಲಿಲ್ಲ.

"ನಾನೇ ಯಾಕೆ?"

"ಬರೆದಿರೋದ್ರಲ್ಲಿ ಮುಕ್ಕಾಲು ಪಾಲು ನಿಂದು. ಬಾಯಿ ಪೂರ್ತಿ ನಿಂದು. ಮತ್ತೆ ನಿನಗೆ ಬೇಕು."

ಅದು ನಿಜವಾಗಿತ್ತು. ಸೂಜಿಗೆ ಅದು ಬೇಕಾಗಿತ್ತು. ಅಮ್ಮ ಸತ್ತ ವರ್ಷ ಶಾಲೆ ಬಿಟ್ಟು ಹೊಲಿಗೆಗೆ ಕೂತವಳು ಅವಳು. ಕೆಲಸಕ್ಕೆ ಬರುವ ಬಸ್ಸು ವಿಶ್ವವಿದ್ಯಾಲಯದ ಕಾಂಪೌಂಡಿನ ಪಕ್ಕ ಹಾದು ಹೋಗುವಾಗ ಇಷ್ಟು ವರ್ಷವೂ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ತನ್ನದೊಂದು ಮೇಜು, ಸುತ್ತ ಪುಸ್ತಕ, ಯೋಚಿಸುವುದೇ ಕೆಲಸ ಎಂಬ ಒಂದು ವರ್ಷ. ಕೇಳಿದರೆ ಇಲ್ಲ ಅನ್ನುತ್ತಿದ್ದಳು, ಆದರೆ ಅತ್ತಿಗೆ ಕೇಳುವ ಗೋಜಿಗೇ ಹೋಗಲಿಲ್ಲ.

"ಸುಳ್ಳು ಹೇಳಿದ ಹಾಗಾಗಲ್ವಾ ಅತ್ತಿಗೆ?"

"ಯಾವ ಸುಳ್ಳು? ಬರೆದಿದ್ದು ನೀನು ತಾನೆ? ಅವರು ಫೆಲೋಶಿಪ್ ಕೊಡ್ತಿರೋದು ಬರೆದವರಿಗೆ, ಸುಟ್ಟುಕೊಂಡವರಿಗಲ್ಲ."

ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ರೇಡಿಯೋ ಅವಳಿಗೆ ಪಾಠ ಹೇಳಲು ನಿಂತಳು. ಬಟ್ಟೆ ಮಡಿಸುತ್ತಲೇ ಪರೀಕ್ಷೆ.

"ನಿನ್ನ ಎರಡನೇ ಗಂಡ ಹೇಗೆ ಸತ್ತ?"

"ನನಗೆ ಮೊದಲನೆಯವನೇ ಇಲ್ಲವಲ್ಲೇ."

"ನಿನಗಿಲ್ಲ ಕಣೇ, ದೊಡ್ಡಕ್ಕನಿಗೆ ಇದ್ದಾನೆ. ಸರಿಯಾಗಿ ಹೇಳು. ಹೇಗೆ ಸತ್ತ?"

"ಎದೆ ಹಿಡ್ಕೊಂಡು."

"ಸ್ವಲ್ಪ ದುಃಖದಲ್ಲಿ ಹೇಳು. ಚಾದರ ಎಣಿಸಿದ ಹಾಗೆ ಹೇಳ್ತಿದ್ದೀಯ. ಒಳ್ಳೆ ಮನುಷ್ಯ ಅವನು."

"ನೀನು ಬರೆದಾಗ ಮಾತ್ರ," ಅಂದಳು ಬಾಯ್ಲರಮ್ಮ. "ನನ್ನ ಕುಡುಕನ್ನ ಕೇಳಿದ್ರೆ ಏನಂತೀಯ, ಸೂಜಿ?"

"ಬಿಟ್ಟುಬಿಟ್ಟೆ ಅಂತೀನಿ."

"ಹಾಗನ್ನು. ನಾನಂತೂ ಬಿಟ್ಟಿಲ್ಲ, ನೀನಾದರೂ ಬಿಡು."

ಅತ್ತಿಗೆ ತನ್ನ ಹೊಸ ಅಂಗಿಯನ್ನು ಕೊಟ್ಟಳು. ಉದ್ದ ತೋಳಿನದು, ಮಣಿಕಟ್ಟಿಗೆ ಗುಂಡಿಯದು. ಸುಟ್ಟ ಕೈ ಮುಚ್ಚಲು ಅತ್ತಿಗೆ ಅಂಥವನ್ನೇ ತೊಡುತ್ತಿದ್ದಳು. ಈಗ ಸುಡದ ಕೈ ಮುಚ್ಚಲು ಅದೇ ಅಂಗಿ.

ವಿಶ್ವವಿದ್ಯಾಲಯದ ಗೇಟಿನಲ್ಲಿ ಅವಳನ್ನು ಎದುರುಗೊಂಡವಳು ಸಮಿತಿಯ ಸದಸ್ಯೆ, ಸಮಾಜಶಾಸ್ತ್ರದ ಪ್ರೊಫೆಸರ್. ಗುಂಗುರು ಕೂದಲಿನ, ಬೇಗ ಬೇಗ ನಡೆಯುವ ಹೆಂಗಸು. ದೊಡ್ಡಕ್ಕನ ಹೆಸರನ್ನು ಸೂಚಿಸಿದವಳೂ ಅವಳೇ. ಮೊದಲು ಕೋಣೆ ತೋರಿಸಿದಳು. ಗ್ರಂಥಾಲಯದ ಮೇಲಿನ ಮಹಡಿ. ಎತ್ತರದ ಕಿಟಕಿ, ಉದ್ದನೆಯ ಮೇಜು, ಖಾಲಿ ಕಪಾಟುಗಳು. ಬಾಗಿಲಿನ ಮೇಲೆ ಹೆಸರಿನ ಫಲಕ ಕೂರಿಸಲು ಎರಡು ತೂತುಗಳಿದ್ದವು.

"ಕಪಾಟು ನೀವೇ ತುಂಬಬೇಕು," ಅಂದಳು ಪ್ರೊಫೆಸರ್. "ಯಾವ ಪುಸ್ತಕ ಬೇಕಾದ್ರೂ ಕೆಳಗಿನಿಂದ ತರಿಸಿಕೊಳ್ಳಬಹುದು. ಯಾರೂ ಯಾಕೆ ಅಂತ ಕೇಳಲ್ಲ."

ಸೂಜಿ ಮೇಜಿನ ಮೇಲೆ ಅಂಗೈಯಿಟ್ಟಳು. ಮರ ತಣ್ಣಗಿತ್ತು. ಯಾರೂ ಯಾಕೆ ಅಂತ ಕೇಳುವುದಿಲ್ಲ ಎನ್ನುವ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಇಡೀ ಜೀವನ ದಾರದ ಉಂಡೆಯೊಂದನ್ನು ಕೇಳಿದರೂ ಯಾಕೆ ಎಂದು ಕೇಳಿಸಿಕೊಂಡವಳು ಅವಳು.

ಸಮಿತಿ ಕೆಳಗಿನ ಕೊಠಡಿಯಲ್ಲಿ ಕೂತಿತ್ತು. ಅಧ್ಯಕ್ಷ ತತ್ವಶಾಸ್ತ್ರದ ಹಳೆಯ ಮೇಷ್ಟ್ರು, ಕಿವಿಗೆ ಯಂತ್ರ ಹಾಕಿಕೊಂಡಿದ್ದ. ಪಕ್ಕದಲ್ಲಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್, ನಿಯಮಗಳೆಲ್ಲ ಬಾಯಿಪಾಠ ಇದ್ದವನು. ಇನ್ನಿಬ್ಬರು ಚಹಾ ಕುಡಿಯುತ್ತಿದ್ದರು. ಮಾತು ಸಲೀಸಾಗಿ ನಡೆಯಿತು. ಶುಚಿಯ ಬಗ್ಗೆ ಕೇಳಿದರು, ಗುತ್ತಿಗೆಯ ಬಗ್ಗೆ ಕೇಳಿದರು. ಕೆಲಸ ಮಾಡುವವರ ಯೋಚನೆಯನ್ನು ಅನುಭವ ಅನ್ನುತ್ತಾರೆ, ಮಾಡದವರ ಅನುಭವವನ್ನು ಯೋಚನೆ ಅನ್ನುತ್ತಾರೆ, ಯಾಕೆ ಎಂದು ಸೂಜಿ ತಿರುಗಿ ಕೇಳಿದಳು. ಅಧ್ಯಕ್ಷ ಕಿವಿಯ ಯಂತ್ರ ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿಸಿ ನಕ್ಕ. ಗಂಡಂದಿರ ಬಗ್ಗೆ ಯಾರೂ ಕೇಳಲಿಲ್ಲ. ಕಲಿಸಿ ಕಳಿಸಿದ್ದೆಲ್ಲ ವ್ಯರ್ಥವಾಯಿತಲ್ಲ ಎಂದು ರೇಡಿಯೋ ಬೇಜಾರು ಮಾಡಿಕೊಳ್ಳುವುದು ಖಂಡಿತ ಎಂದು ಸೂಜಿಗೆ ಒಳಗೊಳಗೇ ನಗು ಬಂತು.

ಕೊನೆಗೆ ಅಧ್ಯಕ್ಷ, "ಒಂದು ಆಸೆ. 'ಕೈ' ಓದ್ತೀರಾ? ನಿಮ್ಮ ಬಾಯಲ್ಲಿ ಕೇಳಬೇಕು," ಅಂದ.

ಅವಳು ಓದಿದಳು. ಅದು ಸಣ್ಣ ಬರಹ. "ಮುಚ್ಚಳ ಬಿತ್ತು. ಒಳಗೆ ನನ್ನ ಕೈಯಿತ್ತು, ಚಾದರವೂ ಇತ್ತು. ಮೇಲ್ವಿಚಾರಕ ಓಡಿ ಬಂದ. ಅವನು ಮೊದಲು ಎತ್ತಿದ್ದು ಚಾದರವನ್ನು."

ಮುಗಿದಾಗ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟಿದ್ದರು. ಪಕ್ಕದಲ್ಲಿದ್ದ ಪ್ರೊಫೆಸರ್ ಮೆಲ್ಲಗೆ ಸೂಜಿಯ ಕೈ ಹಿಡಿದುಕೊಂಡಳು. ಹಿಡಿದದ್ದು ಸುಮ್ಮನೆ ಅಲ್ಲ. ಪಟ್ಟಿ ಬದಲಿಸುವ ನರ್ಸಿನ ಹಾಗೆ, ತೋಳಿನ ಬಟ್ಟೆ ಚರ್ಮಕ್ಕೆ ಉಜ್ಜದಂತೆ, ಕೆಳಗಿನಿಂದ ಆಧಾರ ಕೊಟ್ಟು, ಇನ್ನೂ ನೋಯುತ್ತಿರಬಹುದು ಎಂಬ ಅಂಜಿಕೆಯಿಂದ.

ಅತ್ತಿಗೆಯ ಕೈಯನ್ನು ಹೀಗೆ ಯಾರೂ ಹಿಡಿದಿರಲಿಲ್ಲ. ಪಟ್ಟಿ ಬಿಚ್ಚಿದ ಮರುದಿನ ಅದೇ ಕೈ ಅದೇ ಪ್ರೆಸ್ಸಿಗೆ ಹೋಗಿತ್ತು. ಈಗ ಅದಕ್ಕೆ ಸಿಗಬೇಕಾದ ಮರ್ಯಾದೆ, ಮರುಕ ಎಲ್ಲ ಒಂದು ಗುಳ್ಳೆಯೂ ಏಳದ ಈ ಕೈಗೆ ಸಿಗುತ್ತಿತ್ತು. ಮೇಜು, ಕಿಟಕಿ, ಪುಸ್ತಕ ತಗೊಳ್ಳಬಹುದಿತ್ತು. ಇದನ್ನು ತಗೊಳ್ಳಲು ಆಗಲಿಲ್ಲ.

ಅವಳು ಕೈ ಬಿಡಿಸಿಕೊಂಡು, ಮಣಿಕಟ್ಟಿನ ಗುಂಡಿ ಬಿಚ್ಚಿ, ತೋಳನ್ನು ಮೊಣಕೈಯವರೆಗೆ ಮಡಿಸಿದಳು. "ಇದು ಸುಟ್ಟ ಕೈ ಅಲ್ಲ," ಅಂದಳು. "ಆ ಕೈ ನನ್ನ ಅತ್ತಿಗೇದು."

ಯಾರೋ ಕುರ್ಚಿ ಸರಿಸಿದರು. ರಿಜಿಸ್ಟ್ರಾರ್ ಕೇಳಿದ: "ಅಂದ್ರೆ ಇದನ್ನ ಬರೆದವರು ನೀವಲ್ಲ?"

"ನಾನೇ ಬರೆದೆ."

"ಮತ್ತೆ ದೊಡ್ಡಕ್ಕ ಯಾರು?"

ಅವಳು ಹೇಳಿದಳು. ಮೇಜಿನ ಬಗ್ಗೆ, ಕಟ್ಟುಪಾಡಿನ ಬಗ್ಗೆ, ನಾಲ್ವರ ಬಗ್ಗೆ. ಮುಚ್ಚುಮರೆ ಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

"ಹಾಗಾದ್ರೆ ದೊಡ್ಡಕ್ಕ ಅನ್ನೋರು ಇಲ್ಲವೇ ಇಲ್ಲ ಅನ್ನಿ," ಅಂದ ರಿಜಿಸ್ಟ್ರಾರ್.

"ಇದ್ದಾರಲ್ಲ. ಲಾಂಡ್ರಿಯಲ್ಲಿದ್ದಾರೆ. ಈಗ ಪಾಳಿ ನಡೀತಿದೆ, ಬರೋಕಾಗಲ್ಲ."

ಅಧ್ಯಕ್ಷ ಕೈಯೆತ್ತಿ ರಿಜಿಸ್ಟ್ರಾರನನ್ನು ತಡೆದ. "ಒಂದೇ ಪ್ರಶ್ನೆ. 'ಅವನು ಮೊದಲು ಎತ್ತಿದ್ದು ಚಾದರವನ್ನು.' ಆ ವಾಕ್ಯ ಯಾರದು?"

ಸೂಜಿ ಹೇಳಿದಳು: "ಅತ್ತಿಗೆ ಹಾಗೆ ಹೇಳಲಿಲ್ಲ. 'ಚಾದರ ಸುಟ್ಟಿರಲಿಲ್ಲ' ಅಂದ್ರು, ಅಷ್ಟೇ. ಬಾಯ್ಲರಮ್ಮ ಕೇಳಿದ್ಳು, ಆ ಹೊತ್ತಲ್ಲಿ ಅದು ನಿಂಗೆ ಹೇಗೆ ಗೊತ್ತಾಯ್ತು ಅಂತ. 'ಅವನು ಎತ್ತಿ ಬೆಳಕಿಗೆ ಹಿಡಿದು ನೋಡಿದ್ನಲ್ಲ' ಅಂದ್ರು ಅತ್ತಿಗೆ. 'ಅಯ್ಯೋ, ಮೊದಲು ಅದನ್ನಾ ಎತ್ತಿದ್ದು?' ಅಂದ್ಳು ರೇಡಿಯೋ. ನಾನು ಬರೆದುಕೊಂಡೆ. ಈಗ ನೀವೇ ಹೇಳಿ ಸಾರ್, ಯಾರದು?"

ಅಧ್ಯಕ್ಷ ಆ ವಾಕ್ಯವನ್ನು ತನ್ನ ಹಾಳೆಯಲ್ಲಿ ಬರೆದುಕೊಂಡ. ಪ್ರೊಫೆಸರ್ ಖಾಲಿಯಾದ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ಕೆಂಪಾಗಿತ್ತು, ಆದರೆ ಅದು ಕೋಪದ್ದಲ್ಲ.

"ನೋಡಿ," ಅಂದ ರಿಜಿಸ್ಟ್ರಾರ್, ಈ ಸಲ ದನಿ ತಗ್ಗಿಸಿ. ಕೆಟ್ಟ ಮನುಷ್ಯನೇನಲ್ಲ. "ದಾರಿ ಇದೆ. ಬರೆದವರು ನೀವು ಅಂತ ಒಪ್ಪಿಕೊಂಡಿದ್ದೀರಿ. ನಿಮ್ಮ ಸ್ವಂತ ಹೆಸರಲ್ಲಿ ಫೆಲೋಶಿಪ್ ತಗೊಳ್ಳಿ. ಮೊದಲ ಭಾಷಣದಲ್ಲಿ ಉಳಿದವರಿಗೆ ಧನ್ಯವಾದ ಹೇಳಿ. ಕೋಣೆ ನಿಮ್ಮದು. ಈ ಫೆಲೋಶಿಪ್ ವ್ಯಕ್ತಿಗೆ ಕೊಡೋದು, ಗುಂಪಿಗಲ್ಲ."

ಈಗ ಸುಳ್ಳಿನ ಹಂಗೂ ಇರಲಿಲ್ಲ. ಹೂಂ ಅಂದರೆ ಸಾಕಿತ್ತು. ಆ ಹೂಂ ಅವಳ ಬಾಯಿಗೆ ಬಂದಿತ್ತು ಕೂಡ. ಅದನ್ನು ನುಂಗಿಕೊಳ್ಳಲು ಅವಳಿಗೆ ಸಮಯ ಹಿಡಿಯಿತು.

"ವ್ಯಕ್ತಿಗೆ ಕೊಡೋದಾದ್ರೆ ಬೇರೆ ವ್ಯಕ್ತಿ ಹುಡುಕಬೇಕಾಗುತ್ತೆ ಸಾರ್. ನಾನೊಬ್ಬಳೇ ಬಂದ್ರೆ ನಾನು ದಿಂಬಿನ ಗವಸು ಹೊಲಿಯೋಳು. ನನ್ನನ್ನ ನೀವು ಕರೆದಿಲ್ಲ. ನೀವು ಓದಿದ್ದು ದೊಡ್ಡಕ್ಕನ್ನ, ಮೆಚ್ಚಿದ್ದು ದೊಡ್ಡಕ್ಕನ್ನ. ಅವಳು ಬಂದ್ರೆ ಪೂರ್ತಿ ಬರ್ತಾಳೆ. ಧನ್ಯವಾದ ಹೇಳಿಸಿಕೊಂಡು ಹೊರಗೆ ನಿಲ್ಲೋದು ನಮಗೆ ಅಭ್ಯಾಸ ಇದೆ. ಆದ್ರೆ ನಮ್ಮವರಿಂದಲೇ ಹೇಳಿಸಿಕೊಂಡು ನಿಲ್ಲೋ ಅಭ್ಯಾಸ ಇನ್ನೂ ಮಾಡಿಕೊಂಡಿಲ್ಲ."

ಅವಳು ಎದ್ದಳು. ತೋಳು ಇಳಿಸಿಕೊಳ್ಳಲಿಲ್ಲ. ಸಮಿತಿ ಮುಂದಿನ ವಾರ ಮತ್ತೆ ಸೇರಿ ತೀರ್ಮಾನಿಸುತ್ತದೆ ಎಂದು ಅಧ್ಯಕ್ಷ ಹೇಳಿದ. ತೀರ್ಮಾನ ಏನಿರುತ್ತದೆ ಎಂದು ರಿಜಿಸ್ಟ್ರಾರನ ಮುಖದ ಮೇಲೆ ಆಗಲೇ ಬರೆದಿತ್ತು.

ಲಾಂಡ್ರಿಯಲ್ಲಿ ಚಹಾದ ಹೊತ್ತು. ಸೂಜಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಳು. ಅತ್ತಿಗೆ ಹೊಗಳುತ್ತಾಳೆ ಎಂದು ಸೂಜಿ ಅಂದುಕೊಂಡಿರಲಿಲ್ಲ. ಆದರೆ ಇಷ್ಟು ಸಿಟ್ಟನ್ನೂ ನಿರೀಕ್ಷಿಸಿರಲಿಲ್ಲ.

"ಯಾರು ಹೇಳಿದ್ರು ನಿನಗೆ, ಬಿಟ್ಟು ಬಾ ಅಂತ?" ಅಂದಳು ಅತ್ತಿಗೆ. ಕೈಯಲ್ಲಿದ್ದ ಲೋಟವನ್ನು ಮೇಜಿಗೆ ಕುಕ್ಕಿದಳು. "ನಾನು ಹೇಳಿದ್ನಾ? ನನ್ನ ಕೈ, ನಾನು ಕೊಟ್ಟೆ ಅಂದ ಮೇಲೆ ನಿಂದೇನು?"

"ಅವರು ಕೈ ಹಿಡ್ಕೊಂಡ್ರು ಅತ್ತಿಗೆ."

"ಹಿಡ್ಕೊಳ್ಳಲಿ. ಸವೆದು ಹೋಗ್ತಿತ್ತಾ?"

"ನಿಮ್ಮ ಸುಟ್ಟ ಕೈ ಹಿಡ್ಕೊಳ್ಳೋ ಹಾಗೆ ಹಿಡ್ಕೊಂಡ್ರು."

ಅತ್ತಿಗೆ ಮುಖ ತಿರುಗಿಸಿದಳು. "ನಾನು ಮದುವೆಯಾಗಿ ಬಂದಾಗ ನೀನು ಹೀಗೇ ಮೂಲೇಲಿ ಕೂತು ಹೊಲೀತಿದ್ದೆ. ಪಠ್ಯಪುಸ್ತಕ ಹೊಲಿಗೆ ಯಂತ್ರದ ಪಕ್ಕ ಇಟ್ಕೊಂಡು, ಕಾಲಲ್ಲಿ ಯಂತ್ರ ತುಳೀತಾ, ಕಣ್ಣಲ್ಲಿ ಓದ್ತಾ. ನಿಮ್ಮಣ್ಣನಿಗೆ ಹೇಳ್ದೆ, ಇವಳನ್ನ ಓದಿಸೋಣ ಅಂತ. ಇವತ್ತು ನಾಳೆ ಅಂತ ಆಗಲೇ ಇಲ್ಲ. ನನ್ನಿಂದಾಗಲಿಲ್ಲ. ಈ ಸುಟ್ಟ ಕೈಯಿಂದಾದ್ರೂ ಆಗ್ತಿತ್ತು, ಅದನ್ನೂ ಕಳ್ಕೊಂಡು ಬಂದೆ."

ಸೂಜಿ ಮೇಜಿಗೆ ಚೆಲ್ಲಿದ್ದ ಚಹಾ ಒರೆಸಿದಳು. "ನಿಮ್ಮ ಕೈ ಒಳಗೆ ಹೋಗೋಕೆ ಟಿಕೆಟ್ ಅಲ್ಲ, ಅತ್ತಿಗೆ. ನೀವು ಹೊರಗಿದ್ದು ಅದೊಂದೇ ಒಳಗೆ ಹೋದ್ರೆ, ಆ ಮೇಲ್ವಿಚಾರಕನಿಗೂ ನನಗೂ ಏನು ವ್ಯತ್ಯಾಸ? ನಾನೂ ಮೊದಲು ಬೇರೇದನ್ನೇ ಎತ್ತಿಕೊಂಡ ಹಾಗೆ."

ಬಾಯ್ಲರಮ್ಮ ತನ್ನ ಪ್ರಶ್ನೆ ಕೇಳಿದಳು: "ನಾವೆಲ್ಲ ಬರಬಹುದಾ ಅಂತ ಅವರನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ," ಅಂದಳು ಸೂಜಿ. "ನಾನು ಹೇಳಿ ಎದ್ದು ಬಂದೆ."

"ಎದ್ದು ಬರೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ," ಅಂದಳು ಅತ್ತಿಗೆ. ಸಿಟ್ಟು ಹೋಗಿರಲಿಲ್ಲ, ದಿಕ್ಕು ಬದಲಿಸಿತ್ತು. "ಸಮಿತಿ ಯಾವತ್ತು ಕೂರುತ್ತೆ?"

ಸಮಿತಿ ಕೂರುವ ದಿನ ನಾಲ್ವರೂ ಬೆಳಗಿನ ಪಾಳಿ ಮುಗಿಸಿ, ಮೈಮೇಲಿನ ಕೆಲಸದ ಕೋಟಿನಲ್ಲೇ ಹೋದರು. ಬಟ್ಟೆ ಬದಲಿಸೋಣ ಎಂದು ರೇಡಿಯೋ ಅಂದದ್ದಕ್ಕೆ ಅತ್ತಿಗೆ, "ನ್ಯಾಯಮೂರ್ತಿಗೆ ಕರಿ ಕೋಟು ಬಿಚ್ಚಿ ಬಾ ಅಂದಿದ್ರಾ?" ಎಂದು ಕೇಳಿದಳು. ಬಸ್ಸಿನಲ್ಲಿ ಸಾಬೂನಿನ ವಾಸನೆ ತುಂಬಿಕೊಂಡಿತು. ಅತ್ತಿಗೆ ಕೋಟಿನ ತೋಳನ್ನು ಮೇಲಕ್ಕೆ ಮಡಿಸಿಕೊಂಡಿದ್ದಳು. ಇಷ್ಟು ವರ್ಷಗಳಲ್ಲಿ ಮನೆಯ ಹೊರಗೆ ಅದೇ ಮೊದಲು.

ಗೇಟಿನ ಕಾವಲುಗಾರ ತಡೆದ. "ಯಾರು ಬೇಕು?"

"ಯಾರೂ ಬೇಡ. ಸಮಿತಿಗೆ ದೊಡ್ಡಕ್ಕ ಬೇಕು," ಅಂದಳು ರೇಡಿಯೋ.

ಅವನು ನಾಲ್ವರನ್ನೂ ನೋಡಿದ. "ನಿಮ್ಮಲ್ಲಿ ಯಾರು?"

"ನಾಲ್ವರೂ."

ಕಾವಲುಗಾರ ಇದನ್ನು ತಲೆಯೊಳಗೆ ಜೋಡಿಸಿಕೊಳ್ಳಲು ಸ್ವಲ್ಪ ಸಮಯ ತೆಗೆದುಕೊಂಡ. ಆಮೇಲೆ ಗೇಟು ತೆರೆಯುತ್ತ, ತಗ್ಗಿದ ದನಿಯಲ್ಲಿ, "ತಪ್ಪು ತಿಳೀಬೇಡಿ, ನಮ್ಮ ಮನೆಯವಳು ಯಾವಾಗಲೂ ಕೇಳ್ತಾಳೆ. ಆ ಅಡುಗೆ ಮಾಡೋ ಯಜಮಾನ್ರು ಯಾರವರು?" ಅಂದ.

"ನಮ್ಮವರು," ಅಂದಳು ಅತ್ತಿಗೆ, ತಲೆಯೆತ್ತಿ.

ಸಮಿತಿಯ ಕೊಠಡಿಯಲ್ಲಿ ಅವರಿಗೆ ಕೂರಲು ಜಾಗವಿರಲಿಲ್ಲ. ಪ್ರೊಫೆಸರ್ ಎದ್ದು ತನ್ನ ಕುರ್ಚಿ ಕೊಡಲು ಬಂದಳು. ಅವಳ ಕಣ್ಣು ಅತ್ತಿಗೆಯ ತೋಳಿನ ಮೇಲೆ ಹೋಯಿತು, ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದ ಚರ್ಮದ ಮೇಲೆ ನಿಂತಿತು, ತಕ್ಷಣ ಬೇರೆ ಕಡೆ ಸರಿಯಿತು.

"ನೋಡಿ ಅಮ್ಮಾ, ನೋಡಬಹುದು," ಅಂದಳು ಅತ್ತಿಗೆ. "ಆದ್ರೆ ನೋಡೋಕೆ ಅಂತ ತಂದಿಲ್ಲ. ಈ ಕೈ ತನ್ನ ಕೆಲಸ ಮಾಡಿ ಆಗಿದೆ. ಕಂಬಿ ವಾಪಸ್ ಬಂದಿದೆ. ಈಗ ಆ ಪ್ರೆಸ್ಸಿನ ಹತ್ತಿರ ನಿಲ್ಲೋ ಯಾವಳ ಕೈಯೂ ಸುಡಲ್ಲ. ನಾನಿಲ್ಲಿಗೆ ಬಂದಿದ್ದು ಯೋಚನೆ ಮಾಡೋಕೆ. ನಾವು ಯೋಚನೆ ಮಾಡೋದು ಹೀಗೆ.  ಒಬ್ಬಳು ಹೇಳ್ತಾಳೆ, ಒಬ್ಬಳು ಕೇಳ್ತಾಳೆ, ಒಬ್ಬಳು ಬಾಯಿ ಹಾಕ್ತಾಳೆ, ಒಬ್ಬಳು ಬರೀತಾಳೆ. ಒಬ್ಬೊಬ್ಬರೇ ಕೂತು ಯೋಚನೆ ಮಾಡೋರಿಗೆ ನೀವು ಬೇಕಾದಷ್ಟು ವರ್ಷ ಕೊಟ್ಟಿದ್ದೀರಿ. ಒಂದು ವರ್ಷ ನಮಗೆ ಕೊಟ್ಟು ನೋಡಿ."

"ಇರೋದು ಒಂದೇ ಕೋಣೆ, ಒಂದೇ ಸಂಬಳ," ಅಂದ ರಿಜಿಸ್ಟ್ರಾರ್.

"ಕೋಣೆ ಒಂದೇ ಸಾಕು. ಒಂದೇ ಮೇಜಿನ ಸುತ್ತ ಜಗಳ ಆಡಿ ಅಭ್ಯಾಸ. ಇವಳು ಹೊಲಿಗೆ ಬಿಟ್ಟು ದಿನಾ ಬರ್ತಾಳೆ," ಎಂದು ಅತ್ತಿಗೆ ಸೂಜಿಯ ಕಡೆ ಗದ್ದ ತಿರುಗಿಸಿದಳು. "ಓದಬೇಕಾದೋಳು ಇವಳು, ಸಂಬಳ ಇವಳಿಗಿರಲಿ. ನಾವು ಪಾಳಿ ಮುಗಿಸಿ ಬರ್ತೀವಿ. ಭಾಷಣಕ್ಕೆ ನಾಲ್ವರೂ ನಿಲ್ತೀವಿ."

"ಅತ್ತಿಗೆ," ಅಂದಳು ಸೂಜಿ.

"ನೀನು ಸುಮ್ನಿರು. ಇದು ನಿಂದು, ನಿಂದನ್ನ ನೀನೇ ಬರ್ಕೊಳ್ಳೋ ಹಾಗಿಲ್ಲ."

ಅಧ್ಯಕ್ಷ ಜೋರಾಗಿ ನಕ್ಕ. ನಕ್ಕು ಮುಗಿಸಿ, "ಕಳೆದ ವಾರ ಇವರು ನನ್ನನ್ನೊಂದು ಪ್ರಶ್ನೆ ಕೇಳಿ ಹೋದ್ರು," ಎಂದು ಸಮಿತಿಯ ಕಡೆ ತಿರುಗಿದ. "ಆ ವಾಕ್ಯ ಯಾರದು ಅಂತ. ಐವತ್ತು ವರ್ಷ ತತ್ವಶಾಸ್ತ್ರ ಹೇಳಿದ್ದೀನಿ, ಒಂದು ವಾರದಿಂದ ಉತ್ತರ ಸಿಕ್ಕಿಲ್ಲ. ಇಂಥ ಪ್ರಶ್ನೆ ನ್ಯಾಯಮೂರ್ತಿ ಕೇಳಲಿಲ್ಲ, ರಾಯಭಾರಿ ಕೇಳಲಿಲ್ಲ. ಇವರು ಇಲ್ಲಿರಬೇಕು ಅಂತ ನನ್ನ ಮತ." ಅವನು ಕೈಯೆತ್ತಿದ.

ಪ್ರೊಫೆಸರಿನ ಕೈ ಆಗಲೇ ಮೇಲಿತ್ತು. ಚಹಾದವರಲ್ಲಿ ಒಬ್ಬ ಎತ್ತಿದ, ಇನ್ನೊಬ್ಬ ಎತ್ತಲಿಲ್ಲ. ರಿಜಿಸ್ಟ್ರಾರ್ ಕೈ ಎತ್ತಲಿಲ್ಲ, ಆದರೆ ಎಲ್ಲರ ಕೈ ನೋಡಿ ಪೆನ್ನಿನ ಮುಚ್ಚಳ ತೆಗೆದ. "ನಿಯಮ ತಿದ್ದಬೇಕಾಗುತ್ತೆ," ಅಂದ, ತುಂಬ ಕಷ್ಟದ ಕೆಲಸವೊಂದನ್ನು ಒಪ್ಪಿಕೊಂಡವನ ಹಾಗೆ. ಆಮೇಲೆ ಅತ್ತಿಗೆಯ ಕಡೆ ನೋಡಿ, "ಬಾಗಿಲ ಮೇಲೆ ಏನಂತ ಹಾಕಿಸಲಿ?" ಎಂದು ಕೇಳಿದ.

"ದೊಡ್ಡಕ್ಕ," ಅಂದರು ನಾಲ್ವರೂ. ಮೊದಲ ಸಲ ಅವರು ಜಗಳವಿಲ್ಲದೆ ಒಂದೇ ಮಾತು ಆಡಿದ್ದರು. ಅದಕ್ಕೆ ಅವರಿಗೇ ನಾಚಿಕೆಯಾಯಿತು.

ವರ್ಷ ಶುರುವಾದ ದಿನ ಅವರು ಗ್ರಂಥಾಲಯದ ಮೆಟ್ಟಿಲು ಹತ್ತಿದಾಗ ಫಲಕ ಬಂದಿತ್ತು. ಹಿತ್ತಾಳೆಯದು, ಅಕ್ಷರ ದೊಡ್ಡದು. ಬಾಗಿಲ ಬಳಿ ಸೂಜಿಯನ್ನು ಮುಂದೆ ಬಿಟ್ಟು ಉಳಿದ ಮೂವರೂ ನಿಂತುಬಿಟ್ಟರು.

"ಹೋಗು," ಅಂದಳು ಅತ್ತಿಗೆ.

"ನೀವು ಮೊದಲು."

"ದೊಡ್ಡವರು ಹೇಳಿದ ಮಾತು ಕೇಳು. ಹೋಗಿ ಕೂತ್ಕೋ, ನಾನು ನೋಡಬೇಕು."

ಸೂಜಿ ಒಳಗೆ ಹೋಗಿ ಕಿಟಕಿಗೆ ಎದುರಾಗಿ ಕೂತಳು. ಬೆಳಕು ಅವಳ ಭುಜದ ಮೇಲೆ ಬಿತ್ತು. ಕೆಳಗಿನಿಂದ ತರಿಸಿದ ಪುಸ್ತಕಗಳ ಒಂದು ಕಟ್ಟು ಮೇಜಿನ ಮೇಲಿತ್ತು. ಮೇಲಿನದನ್ನು ತೆರೆದಳು, ಕಾಲಲ್ಲಿ ಯಂತ್ರ ತುಳಿಯಬೇಕಾಗಿರಲಿಲ್ಲ. ಅತ್ತಿಗೆ ಬಾಗಿಲಿಗೆ ಒರಗಿ ಅದನ್ನೇ ನೋಡುತ್ತ ನಿಂತಳು. ರೇಡಿಯೋ ಏನೋ ಹೇಳಲು ಬಾಯಿ ತೆರೆದಾಗ ಬಾಯ್ಲರಮ್ಮ ಅವಳ ಕೈ ಅದುಮಿದಳು.

ಸೂಜಿ ಒಂದು ಪುಟ ಓದಿದಳು. ತಲೆಯೆತ್ತಿ, "ಈ ಮನುಷ್ಯ ಇಲ್ಲಿ ಏನೋ ತಪ್ಪು ಹೇಳ್ತಿದ್ದಾನೆ ಅನ್ಸುತ್ತೆ," ಅಂದಳು.

"ಏನಂತೆ?" ಎಂದು ಮೂವರೂ ಒಳಗೆ ನುಗ್ಗಿದರು. ಕೂರಲು ನೋಡಿದರೆ ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ.

ಪಕ್ಕದ ಸಭಾಂಗಣದ ಬಾಗಿಲು ತೆರೆದಿತ್ತು. ಬಾಯ್ಲರಮ್ಮ ಎರಡು ಹೆಗಲಿಗೂ ಒಂದೊಂದು ಕುರ್ಚಿ ಹೊತ್ತಳು, ರೇಡಿಯೋ ಒಂದನ್ನು ಎಳೆದು ತಂದಳು, ಯಾರಾದರೂ ಬಂದರೆ ಇರಲಿ ಎಂದು ಅತ್ತಿಗೆ ಇನ್ನೊಂದನ್ನು ಸುಟ್ಟ ಕೈಯಲ್ಲೇ ಎತ್ತಿಕೊಂಡಳು. ಹಜಾರದಲ್ಲಿ ವಿದ್ಯಾರ್ಥಿಗಳು ಗೋಡೆಗೆ ಸರಿದು ದಾರಿ ಬಿಟ್ಟರು. ಕೊನೆಯ ಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅತ್ತಿಗೆ ಅದನ್ನು ಓರೆ ಮಾಡಿ, ಮಂಡಿ ಕೊಟ್ಟು, ಒಳಗೆ ತಳ್ಳಿದಳು.